ಕ್ಯಾನ್ಸರ್ ಔಷಧ ಮತ್ತು ಸರ್ಕಾರಿ ವಿಮೆ: ಯಾರ ಕೈಯಿಂದ ಬಂದ ಮದ್ದಿಗೆ ಹಣ ಸಿಗುತ್ತದೆ?

ಹೊಸೂರು, ಕೃಷ್ಣಗಿರಿ ಭಾಗದ ಕನ್ನಡ ಕುಟುಂಬಗಳಿಗೊಂದು ಮಾಹಿತಿ ಲೇಖನ

ಕ್ಯಾನ್ಸರ್ ಔಷಧವು ರೋಗಿಯನ್ನು ಮೂರು ದಾರಿಗಳಲ್ಲಿ ತಲಪುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಅಥವಾ ಹಗಲು ಚಿಕಿತ್ಸಾ ಘಟಕದಲ್ಲಿ ನರದ ಮೂಲಕ ಏರಿಸುವುದು ಮೊದಲನೆಯದು. ವೈದ್ಯರು ಅಥವಾ ಆಸ್ಪತ್ರೆಯ ಔಷಧಾಲಯದವರು ಮಾತ್ರೆಗಳನ್ನು ರೋಗಿಯ ಕೈಗೇ ಕೊಟ್ಟು ಮನೆಗೆ ಕಳುಹಿಸುವುದು ಎರಡನೆಯದು. ಚೀಟಿ ಬರೆದುಕೊಟ್ಟು ಹೊರಗಿನ ಅಂಗಡಿಯಲ್ಲಿ ಕೊಂಡುಕೊಳ್ಳಲು ಹೇಳುವುದು ಮೂರನೆಯದು. ಔಷಧ ಒಂದೇ ಆಗಿರಬಹುದು, ಅದರ ಗುಣವೂ ಒಂದೇ ಆಗಿರಬಹುದು. ಆದರೆ ಸರ್ಕಾರಿ ವಿಮೆಯ ಲೆಕ್ಕದಲ್ಲಿ ಈ ಮೂರು ದಾರಿಗಳಿಗೆ ಬಹಳ ಅಂತರವಿದೆ. ಮೊದಲ ಎರಡು ದಾರಿಗಳಲ್ಲಿ, ಆಸ್ಪತ್ರೆ ವಿಮಾ ಪಟ್ಟಿಯಲ್ಲಿದ್ದು ಮುಂಗಡ ಅನುಮತಿ ಪಡೆದಿದ್ದರೆ, ರೋಗಿಯು ಹಣ ಕೊಡಬೇಕಾಗಿಲ್ಲ. ಮೂರನೆಯ ದಾರಿಯಲ್ಲಿ ಕೊಂಡ ಮಾತ್ರೆಯ ರಸೀದಿಯನ್ನು ಎಷ್ಟೇ ಜೋಪಾನವಾಗಿ ಇಟ್ಟುಕೊಂಡರೂ ಸಾಮಾನ್ಯವಾಗಿ ಹಣ ಮರಳಿ ಬರುವುದಿಲ್ಲ.

ಈ ಅಂತರ ತಿಳಿಯದೆ ಸಾಲ ಮಾಡಿದ ಮನೆಗಳು, ಒಡವೆ ಅಡವಿಟ್ಟ ಮನೆಗಳು ನಮ್ಮ ನಡುವೆ ಇವೆ. ಅರ್ಜಿ, ಅನುಮತಿಪತ್ರ, ಬಿಡುಗಡೆ ಚೀಟಿಗಳೆಲ್ಲ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರಿಗೆ ಈ ವಿಷಯ ಇನ್ನಷ್ಟು ತಡವಾಗಿ ತಿಳಿಯುತ್ತದೆ. ಆದ್ದರಿಂದ ನಿಯಮ, ದಾಖಲೆ, ಗಡಿಯ ಸಮಸ್ಯೆ, ದೂರು ನೀಡುವ ದಾರಿ ಇವುಗಳನ್ನು ಇಲ್ಲಿ ಒಂದೆಡೆ ಕೊಡಲಾಗಿದೆ.

ಯೋಜನೆ ಬೆಳೆದುಬಂದ ಬಗೆ

ತಮಿಳುನಾಡಿನಲ್ಲಿ ಬಡ ಕುಟುಂಬಗಳಿಗೆ ಸರ್ಕಾರವೇ ವಿಮಾ ಕಂತು ಕಟ್ಟುವ ಪದ್ಧತಿ 2009ರ ಜುಲೈ 23ರಂದು ಕಲೈಞರ್ ವಿಮಾ ಯೋಜನೆಯಿಂದ ಆರಂಭವಾಯಿತು. 2012ರ ಜನವರಿ 11ರಿಂದ ಅದರ ಸ್ಥಾನದಲ್ಲಿ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆ ಜಾರಿಗೆ ಬಂದಿತು. ಕಚೇರಿಗಳ ಫಲಕಗಳಲ್ಲಿ ನಾವು ಕಾಣುವ ‘ಮುದಲಮೈಚ್ಚರಿನ್ ವಿರಿವಾನ ಮರುತ್ತುವ ಕಾಪ್ಪೀಟ್ಟುತ್ ತಿಟ್ಟಂ’ ಎಂಬ ತಮಿಳು ಹೆಸರು ಇದೇ ಯೋಜನೆಯದು. 2018ರ ಸೆಪ್ಟೆಂಬರ್ 23ರಂದು ಕೇಂದ್ರದ ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯನ್ನು ಇದರೊಂದಿಗೆ ಜೋಡಿಸಲಾಯಿತು. ಈಗ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ದೊರೆಯುತ್ತದೆ.

2022ರ ಜನವರಿಯಲ್ಲಿ ಯೋಜನೆಯನ್ನು ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಕಂಪನಿಯ ಮೂಲಕ ಮತ್ತೆ ಐದು ವರ್ಷಗಳಿಗೆ ಮುಂದುವರಿಸಲಾಯಿತು. ಅದೇ ಸಂದರ್ಭದಲ್ಲಿ ಅರ್ಹತೆಯ ವಾರ್ಷಿಕ ಆದಾಯ ಮಿತಿ 72,000 ರೂಪಾಯಿಯಿಂದ 1,20,000 ರೂಪಾಯಿಗೆ ಏರಿತು. ರಾಜ್ಯದ ಸುಮಾರು 1.37 ಕೋಟಿ ಕುಟುಂಬಗಳು ಇದರ ವ್ಯಾಪ್ತಿಯಲ್ಲಿವೆ. ಹಿಂದೆ ಆದಾಯ ಹೆಚ್ಚೆಂದು ಕಾರ್ಡ್ ಸಿಗದೆ ಹಿಂದಿರುಗಿದ ಕುಟುಂಬಗಳು ಹೊಸ ಮಿತಿಯ ಆಧಾರದಲ್ಲಿ ಮತ್ತೆ ಅರ್ಜಿ ಸಲ್ಲಿಸಬಹುದು.

ಮೂಲ ಸೂತ್ರ

ಈ ಯೋಜನೆಯಲ್ಲಿ ವಿಮೆಯ ಹಣ ರೋಗಿಯ ಕೈಗೆ ಬರುವುದಿಲ್ಲ, ಆಸ್ಪತ್ರೆಗೆ ಹೋಗುತ್ತದೆ. ಪ್ರತಿಯೊಂದು ಚಿಕಿತ್ಸೆಗೂ ಪ್ಯಾಕೇಜ್ ಎಂಬ ನಿಗದಿತ ಮೊತ್ತವಿರುತ್ತದೆ. ಔಷಧ, ಹಾಸಿಗೆ, ವೈದ್ಯರ ಶುಲ್ಕ, ದಾದಿಯರ ಸೇವೆ, ಊಟ ಎಲ್ಲವೂ ಆ ಮೊತ್ತದೊಳಗೇ ಸೇರಿರುತ್ತವೆ. ಚಿಕಿತ್ಸೆ ಆರಂಭವಾಗುವ ಮೊದಲು ಆಸ್ಪತ್ರೆಯವರು ರೋಗಿಯ ಬಯಾಪ್ಸಿ ವರದಿ, ಸ್ಕ್ಯಾನ್, ವೈದ್ಯರ ಚಿಕಿತ್ಸಾ ಯೋಜನೆ ಇವನ್ನು ಕಳುಹಿಸಿ ಮುಂಗಡ ಅನುಮತಿ ಪಡೆಯುತ್ತಾರೆ. ಅನುಮತಿ ಬಂದ ಬಳಿಕ ಚಿಕಿತ್ಸೆ ನಡೆಯುತ್ತದೆ, ಆಸ್ಪತ್ರೆ ಬಿಲ್ಲು ಸಲ್ಲಿಸುತ್ತದೆ, ವಿಮಾ ಕಂಪನಿ ಆಸ್ಪತ್ರೆಗೆ ಹಣ ಪಾವತಿಸುತ್ತದೆ.

ಕೀಮೋಥೆರಪಿ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ವಾರಕ್ಕೊಮ್ಮೆ ಅಥವಾ ಮೂರು ವಾರಕ್ಕೊಮ್ಮೆ ಸುತ್ತು ಸುತ್ತಾಗಿ ನಡೆಯುತ್ತದೆ. ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳಿದರೂ ಹಗಲು ಚಿಕಿತ್ಸೆ ಎಂಬ ಹೆಸರಿನಲ್ಲಿ ಅದು ವಿಮೆಯೊಳಗೇ ಬರುತ್ತದೆ. ಆದ್ದರಿಂದ ಪ್ರತಿ ಸುತ್ತಿಗೆ ಬರುವ ಮೊದಲು ‘ಈ ಸುತ್ತಿನ ಅನುಮತಿ ಬಂದಿದೆಯೇ?’ ಎಂದು ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ವಿಚಾರಿಸುವುದು ಒಳ್ಳೆಯ ಅಭ್ಯಾಸ.

5 ಲಕ್ಷ ರೂಪಾಯಿ ಇಡೀ ಕುಟುಂಬಕ್ಕೆ ಸೇರಿದ್ದು, ತಲೆಗೊಂದರಂತೆ ಅಲ್ಲ ಎಂಬುದೂ ನೆನಪಿರಬೇಕು. ಅದೇ ವರ್ಷ ಮನೆಯ ಇನ್ನೊಬ್ಬರಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿದ್ದರೆ ಉಳಿದ ಮೊತ್ತವೆಷ್ಟು ಎಂದು ಕೇಳಿ ತಿಳಿದುಕೊಳ್ಳಬೇಕು.

ಮಾತ್ರೆಗಳ ಪ್ರಶ್ನೆ

ಹಿಂದೆ ಕ್ಯಾನ್ಸರ್ ಔಷಧವೆಂದರೆ ಬಹುಮಟ್ಟಿಗೆ ನರದ ಮೂಲಕ ಏರಿಸುವ ದ್ರವವೇ ಆಗಿತ್ತು. ಈಗ ಬಾಯಿಯ ಮೂಲಕ ತೆಗೆದುಕೊಳ್ಳುವ ಮಾತ್ರೆಗಳು ಹೆಚ್ಚಿವೆ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಇಮ್ಯಾಟಿನಿಬ್, ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ಮತ್ತು ಲೆಟ್ರೋಜೋಲ್, ಕರುಳಿನ ಮತ್ತು ಸ್ತನದ ಕ್ಯಾನ್ಸರಿಗೆ ಕೆಪೆಸಿಟಬಿನ್ ಇವುಗಳಲ್ಲಿ ಕೆಲವು. ಟಮಾಕ್ಸಿಫೆನ್ ಮಾತ್ರೆಯನ್ನು ಸಾಮಾನ್ಯವಾಗಿ ಐದು ವರ್ಷ, ಕೆಲವರು ಅದಕ್ಕೂ ಹೆಚ್ಚು ಕಾಲ, ದಿನವೂ ಸೇವಿಸಬೇಕಾಗುತ್ತದೆ. ಇಮ್ಯಾಟಿನಿಬ್ ಅನೇಕರಿಗೆ ಜೀವನದುದ್ದಕ್ಕೂ ಬೇಕಾಗಬಹುದು.

ತೊಡಕು ಹುಟ್ಟುವುದು ಇಲ್ಲಿಯೇ. ವಿಮೆಯನ್ನು ಮೂಲತಃ ಆಸ್ಪತ್ರೆಗೆ ಸೇರುವವರಿಗಾಗಿ ರೂಪಿಸಲಾಗಿತ್ತು. ಹೊರರೋಗಿಗಳ ಸಾಮಾನ್ಯ ಔಷಧಕ್ಕೆ ಅದು ಹಣ ಕೊಡುವುದಿಲ್ಲ. ಆಯುಷ್ಮಾನ್ ಯೋಜನೆಯ ನಿಯಮದಲ್ಲಿ ಆಸ್ಪತ್ರೆಗೆ ಸೇರುವ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ಮೇಲಿನ 15 ದಿನಗಳ ಔಷಧವೆಚ್ಚ ಪ್ಯಾಕೇಜಿನೊಳಗೆ ಸೇರಿದೆ. ಕ್ಯಾನ್ಸರ್ ಮಾತ್ರೆಗೆ ಹದಿನೈದು ದಿನ ಸಾಲದು. ಇದನ್ನು ಮನಗಂಡು 2019ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಪ್ಯಾಕೇಜ್ ಪಟ್ಟಿಯಲ್ಲಿ ಕ್ಯಾನ್ಸರ್ ಔಷಧಗಳನ್ನು ರೋಗವಾರು ಮತ್ತು ಔಷಧವಾರು ವಿಂಗಡಿಸಿ, ಕೆಲವು ಮಾತ್ರೆಗಳಿಗೂ ಪ್ರತ್ಯೇಕ ಪ್ಯಾಕೇಜ್ ನಿಗದಿಪಡಿಸಲಾಯಿತು. ಅಂದರೆ ರೋಗಿಯು ಹಾಸಿಗೆಯ ಮೇಲೆ ಮಲಗದಿದ್ದರೂ, ಆಸ್ಪತ್ರೆಯ ಕೈಯಿಂದ ಮಾತ್ರೆ ಪಡೆದು ಮನೆಗೆ ಒಯ್ಯುವ ದಾರಿಯೂ ವಿಮೆಯೊಳಗೆ ತೆರೆಯಿತು.

ತಮಿಳುನಾಡಿನ ಯೋಜನೆಗೆ ತನ್ನದೇ ಆದ ಪಟ್ಟಿಯಿದೆ. ಆದ್ದರಿಂದ ವೈದ್ಯರು ಮಾತ್ರೆ ಬರೆದಾಗ ವಿಮಾ ಕೌಂಟರಿನಲ್ಲಿ ಮೂರು ಪ್ರಶ್ನೆಗಳನ್ನು ಕೇಳಬೇಕು. ಈ ಮಾತ್ರೆಗೆ ಪ್ಯಾಕೇಜ್ ಇದೆಯೇ? ಇದ್ದರೆ ಎಷ್ಟು ದಿನದ ಮಾತ್ರೆಯನ್ನು ಒಮ್ಮೆಗೆ ಕೊಡುತ್ತೀರಿ? ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಉಚಿತ ಔಷಧ ವಿಭಾಗದಲ್ಲಿ ಅದು ದೊರೆಯುತ್ತದೆಯೇ?

ಮೂರನೆಯ ಪ್ರಶ್ನೆಗೆ ತಮಿಳುನಾಡಿನಲ್ಲಿ ವಿಶೇಷ ಮಹತ್ವವಿದೆ. 1994ರಲ್ಲಿ ಸ್ಥಾಪಿತವಾದ ತಮಿಳುನಾಡು ವೈದ್ಯಕೀಯ ಸೇವೆಗಳ ನಿಗಮವು ಔಷಧಗಳನ್ನು ಸಗಟಾಗಿ ಕೊಂಡು ಸರ್ಕಾರಿ ಆಸ್ಪತ್ರೆಗಳಿಗೆ ಒದಗಿಸುತ್ತದೆ, ಆ ಖರೀದಿಯಲ್ಲಿ ಕ್ಯಾನ್ಸರ್ ಔಷಧಗಳೂ ಸೇರಿವೆ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ವೈದ್ಯರು ಬರೆದು ಅಲ್ಲಿನ ಔಷಧಾಲಯದವರು ಕೊಡುವ ಮಾತ್ರೆಗೆ ವಿಮಾ ಕಾರ್ಡ್ ಇಲ್ಲದಿದ್ದರೂ ಹಣ ಕೊಡಬೇಕಾಗಿಲ್ಲ.

ವೈದ್ಯರು ತಮ್ಮ ಕ್ಲಿನಿಕ್ಕಿನಲ್ಲೇ ಔಷಧ ಕೊಟ್ಟರೆ

ನಮ್ಮ ಊರುಗಳಲ್ಲಿ ವೈದ್ಯರು ತಮ್ಮ ಕ್ಲಿನಿಕ್ಕಿನಲ್ಲೇ ಮಾತ್ರೆ ಕೊಟ್ಟು ಕಳುಹಿಸುವುದು ಹಳೆಯ ರೂಢಿ. ಕಾನೂನು ಇದಕ್ಕೆ ಅವಕಾಶ ನೀಡಿದೆ. 1945ರ ಔಷಧ ಮತ್ತು ಪ್ರಸಾಧನ ನಿಯಮಗಳ ಕೆ ಅನುಸೂಚಿಯ ಪ್ರಕಾರ, ನೋಂದಾಯಿತ ವೈದ್ಯರು ತಮ್ಮದೇ ರೋಗಿಗೆ ಔಷಧ ಕೊಡಲು ಮಾರಾಟದ ಪರವಾನಗಿ ಬೇಕಿಲ್ಲ. ಆದರೆ ಅವರು ಅಂಗಡಿ ತೆರೆದು ಎಲ್ಲರಿಗೂ ಮಾರುವಂತಿಲ್ಲ, ಅನುಸೂಚಿಯ ಇತರ ಷರತ್ತುಗಳನ್ನೂ ಪಾಲಿಸಬೇಕು.

ಕಾನೂನಿನ ಅನುಮತಿ ಬೇರೆ, ವಿಮೆಯ ಪಾವತಿ ಬೇರೆ. ವಿಮಾ ಪಟ್ಟಿಯಲ್ಲಿ ಸೇರದ ಖಾಸಗಿ ಕ್ಲಿನಿಕ್ಕಿನಲ್ಲಿ ಕ್ಯಾನ್ಸರ್ ಮಾತ್ರೆಯನ್ನಾಗಲಿ ಚುಚ್ಚುಮದ್ದನ್ನಾಗಲಿ ಪಡೆದರೆ ಸರ್ಕಾರಿ ವಿಮೆಯಿಂದ ಅದರ ಹಣ ಬರುವುದಿಲ್ಲ. ಅದೇ ವೈದ್ಯರು ವಿಮಾ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲೂ ಸೇವೆ ಸಲ್ಲಿಸುತ್ತಿದ್ದರೆ, ‘ಅಲ್ಲಿಗೇ ಬಂದು ಕಾರ್ಡಿನ ಮೂಲಕ ಚಿಕಿತ್ಸೆ ಪಡೆಯಬಹುದೇ?’ ಎಂದು ಸಂಕೋಚವಿಲ್ಲದೆ ಕೇಳಬಹುದು.

ಅಮೆರಿಕದ ಪದ್ಧತಿಯೊಂದಿಗೆ ಹೋಲಿಕೆ

ಔಷಧ ಯಾರ ಕೈಯಿಂದ ಬರುತ್ತದೆ ಎಂಬ ಪ್ರಶ್ನೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಹಿರಿಯರಿಗಾಗಿ ಇರುವ ಮೆಡಿಕೇರ್ ವಿಮೆಯಲ್ಲಿ, ವೈದ್ಯರು ತಮ್ಮ ಚಿಕಿತ್ಸಾಲಯದಲ್ಲೇ ಏರಿಸುವ ಔಷಧಕ್ಕೆ ‘ಬಿ’ ವಿಭಾಗವೂ ಅಂಗಡಿಯಿಂದ ತರುವ ಮಾತ್ರೆಗೆ 2006ರಲ್ಲಿ ಆರಂಭವಾದ ‘ಡಿ’ ವಿಭಾಗವೂ ಹಣ ಕೊಡುತ್ತವೆ. ಚುಚ್ಚುಮದ್ದಿನ ರೂಪದಲ್ಲೂ ದೊರೆಯುವ ಕೆಲವು ಕ್ಯಾನ್ಸರ್ ಮಾತ್ರೆಗಳನ್ನು 1993ರ ಕಾನೂನಿನ ಮೂಲಕ ‘ಬಿ’ ವಿಭಾಗಕ್ಕೇ ಸೇರಿಸಲಾಯಿತು. ಕ್ಲಿನಿಕ್ಕಿನಲ್ಲಿ ಕೊಡುವ ಬಹುಪಾಲು ಔಷಧಗಳಿಗೆ 2005ರಿಂದ ಸರಾಸರಿ ಮಾರಾಟ ಬೆಲೆಯ ಮೇಲೆ ಶೇಕಡಾ 6 ಸೇರಿಸಿ ವೈದ್ಯರಿಗೆ ಪಾವತಿಸಲಾಗುತ್ತದೆ. ಔಷಧದ ಬೆಲೆ ಏರಿದಷ್ಟೂ ವೈದ್ಯರ ಪಾಲೂ ಏರುವುದರಿಂದ, ದುಬಾರಿ ಔಷಧದ ಕಡೆಗೆ ಒಲವು ಮೂಡಬಹುದೆಂಬ ಟೀಕೆ ಅಲ್ಲಿ ಮೊದಲಿನಿಂದಲೂ ಇದೆ.

ನಮ್ಮಲ್ಲಿ ಅಪಾಯವು ಇದಕ್ಕೆ ವಿರುದ್ಧ ದಿಕ್ಕಿನಲ್ಲಿದೆ. ಪ್ಯಾಕೇಜಿನ ಮೊತ್ತ ನಿಗದಿಯಾಗಿರುವುದರಿಂದ ಔಷಧಕ್ಕೆ ಖರ್ಚಾದಷ್ಟೂ ಆಸ್ಪತ್ರೆಗೆ ಉಳಿಯುವುದು ಕಡಿಮೆ. ಹೀಗಾಗಿ ‘ಈ ಒಂದು ಮದ್ದನ್ನು ಮಾತ್ರ ಹೊರಗಿನಿಂದ ತನ್ನಿ’ ಎಂಬ ಮಾತು ಬರಲು ಅವಕಾಶವಿದೆ. ಪ್ಯಾಕೇಜಿನೊಳಗೆ ಸೇರಿದ ಔಷಧವನ್ನು ರೋಗಿಯ ಹಣದಿಂದ ತರಿಸುವುದು ನಗದುರಹಿತ ಚಿಕಿತ್ಸೆಯ ನಿಯಮಕ್ಕೆ ವಿರುದ್ಧವಾದುದು.

ಹೊರಗಿನ ಚೀಟಿ ಕೈಗೆ ಬಂದಾಗ

ತಳಿಯ ಬಳಿಯ ಒಂದು ಹಳ್ಳಿಯ ಮನೆಯನ್ನು ಊಹಿಸಿಕೊಳ್ಳೋಣ. ತಾಯಿಗೆ ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಕಾರ್ಡಿನ ಮೂಲಕ ಉಚಿತವಾಗಿ ಆಗಿದೆ. ಕೀಮೋಥೆರಪಿಯ ಎರಡನೆಯ ಸುತ್ತಿನಲ್ಲಿ ಯಾರೋ ಒಂದು ಚೀಟಿ ಕೊಟ್ಟು, ಎದುರಿನ ಅಂಗಡಿಯಿಂದ ಮದ್ದು ತರಲು ಹೇಳುತ್ತಾರೆ. ತಂದೆಗೆ ತಮಿಳು ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಜೊತೆಗೆ ಬಂದಿರುವ ಎಂಟನೆಯ ತರಗತಿಯ ಮಗಳು ಅಕ್ಷರ ಕೂಡಿಸಿ ಓದುತ್ತಾಳೆ, ಆದರೆ ಆ ಔಷಧ ಪ್ಯಾಕೇಜಿನೊಳಗಿದೆಯೇ ಇಲ್ಲವೇ ಎಂದು ಅವಳಿಗೆ ತಿಳಿಯದು. ಚಿಕಿತ್ಸೆ ನಿಂತುಹೋದೀತೆಂಬ ಭಯದಿಂದ ತಂದೆ ಹಣ ಹೊಂದಿಸಲು ಓಡುತ್ತಾನೆ.

ಇಂಥ ಗಳಿಗೆಯಲ್ಲಿ ಹಣ ಕೊಡುವ ಮೊದಲು ಈ ಕ್ರಮ ಅನುಸರಿಸುವುದು ಒಳ್ಳೆಯದು.

1. ಚೀಟಿಯನ್ನು ಹಿಡಿದು ನೇರವಾಗಿ ಆಸ್ಪತ್ರೆಯ ವಿಮಾ ಕೌಂಟರಿಗೆ ಹೋಗಿ, ಈ ಔಷಧ ಅನುಮತಿ ಪಡೆದ ಪ್ಯಾಕೇಜಿನೊಳಗಿದೆಯೇ ಎಂದು ಕೇಳಿ.

2. ಪ್ಯಾಕೇಜಿನಲ್ಲಿಲ್ಲವೆಂದರೆ, ಪಟ್ಟಿಯಲ್ಲಿರುವ ಬದಲಿ ಔಷಧ ಈ ರೋಗಕ್ಕೆ ಆಗುತ್ತದೆಯೇ ಎಂದು ವೈದ್ಯರನ್ನೇ ಕೇಳಿ. ಔಷಧ ಬದಲಿಸುವ ತೀರ್ಮಾನ ವೈದ್ಯರಿಗೆ ಬಿಟ್ಟದ್ದು.

3. ಪ್ಯಾಕೇಜಿನಲ್ಲಿದ್ದೂ ಹೊರಗೆ ತರಲು ಹೇಳಿದರೆ ಯೋಜನೆಯ ಉಚಿತ ದೂರವಾಣಿ 1800 425 3993ಕ್ಕೆ ಅಲ್ಲಿಂದಲೇ ಕರೆ ಮಾಡಿ. ಆಯುಷ್ಮಾನ್ ಫಲಾನುಭವಿಗಳಿಗೆ 14555 ಎಂಬ ರಾಷ್ಟ್ರೀಯ ಸಂಖ್ಯೆಯೂ ಇದೆ. ರಾಜ್ಯದ ಆರೋಗ್ಯ ಸಹಾಯವಾಣಿ 104.

4. ಕೊಂಡೇ ತೀರಬೇಕಾದ ಸ್ಥಿತಿ ಬಂದರೆ ಚೀಟಿಯ ಪ್ರತಿ, ಅಂಗಡಿಯ ಬಿಲ್ಲು, ಬರೆದುಕೊಟ್ಟವರ ಹೆಸರು, ದಿನಾಂಕ ಇವನ್ನು ಇಟ್ಟುಕೊಳ್ಳಿ. ತಾನಾಗಿ ಹಣ ಮರಳದಿದ್ದರೂ ದೂರಿಗೆ ಇವೇ ಆಧಾರ.

ಕಾರ್ಡ್ ಪಡೆಯುವುದು

ಬೇಕಾದ ದಾಖಲೆಗಳು ಮೂರು: ಪಡಿತರ ಚೀಟಿ (ತಮಿಳಿನಲ್ಲಿ ‘ಕುಡುಂಬ ಅಟ್ಟೈ’), ಕುಟುಂಬದವರ ಆಧಾರ್, ಆದಾಯ ಪ್ರಮಾಣಪತ್ರ (‘ವರುಮಾನಚ್ ಚಾನ್ರಿದಳ್’). ಆದಾಯ ಪ್ರಮಾಣಪತ್ರಕ್ಕೆ ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಬಹುದು, ಕಂದಾಯ ಇಲಾಖೆಯವರು ಪರಿಶೀಲಿಸಿ ಕೊಡುತ್ತಾರೆ. ಬಳಿಕ ಕೃಷ್ಣಗಿರಿಯ ಜಿಲ್ಲಾಧಿಕಾರಿ ಕಚೇರಿಯ (‘ಮಾವಟ್ಟ ಆಟ್ಚಿಯರ್ ಅಲುವಲಗಂ’) ಆವರಣದಲ್ಲಿರುವ ವಿಮಾ ಕೇಂದ್ರದಲ್ಲಿ ಭಾವಚಿತ್ರ ಮತ್ತು ಬೆರಳಚ್ಚು ಕೊಟ್ಟು ನೋಂದಾಯಿಸಬೇಕು. ಇದಕ್ಕಾಗಿ ಕುಟುಂಬ ಯಾವುದೇ ಕಂತು ಕಟ್ಟಬೇಕಾಗಿಲ್ಲ.

ಕುಟುಂಬ ಎಂದರೆ ಅರ್ಹ ವ್ಯಕ್ತಿ, ಪತಿ ಅಥವಾ ಪತ್ನಿ, ಮಕ್ಕಳು ಮತ್ತು ಅವಲಂಬಿತ ತಂದೆತಾಯಿ. ಮಕ್ಕಳಿಗೆ ಉದ್ಯೋಗ ದೊರೆಯುವವರೆಗೆ, ಮದುವೆಯಾಗುವವರೆಗೆ ಅಥವಾ 25 ವರ್ಷ ತುಂಬುವವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ರಕ್ಷಣೆಯಿರುತ್ತದೆ. ಹೆಸರು ಪಡಿತರ ಚೀಟಿಯಲ್ಲಿರುವುದು ಅಗತ್ಯ. ಗಡಿಯಾಚೆಯಿಂದ ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ, ಎಂದರೆ ಕರ್ನಾಟಕದ, ಪಡಿತರ ಚೀಟಿಯಲ್ಲೇ ಉಳಿದಿರುವುದು ನಮ್ಮ ಭಾಗದಲ್ಲಿ ಅಪರೂಪವಲ್ಲ. ಅದನ್ನು ಅಲ್ಲಿ ತೆಗೆಸಿ ಇಲ್ಲಿ ಸೇರಿಸುವ ಕೆಲಸವನ್ನು ಆರೋಗ್ಯ ಚೆನ್ನಾಗಿರುವಾಗಲೇ ಮಾಡಿ ಮುಗಿಸಬೇಕು. ಎರಡೂ ರಾಜ್ಯಗಳಲ್ಲಿ ಚೀಟಿ ಇಟ್ಟುಕೊಳ್ಳುವುದು ಅಪರಾಧ, ಚಿಕಿತ್ಸೆಯ ನಡುವೆ ಅದು ಬೆಳಕಿಗೆ ಬಂದರೆ ಎರಡು ಕಡೆಯೂ ತೊಂದರೆ.

ಕನ್ನಡ, ತಮಿಳು, ಇಂಗ್ಲಿಷ್ ದಾಖಲೆಗಳಲ್ಲಿ ಹೆಸರಿನ ಕಾಗುಣಿತ ಬೇರೆ ಬೇರೆಯಾಗಿರುವುದು ಇನ್ನೊಂದು ತೊಡಕು. ತಮಿಳಿನಲ್ಲಿ ಗ, ದ, ಬ ಅಕ್ಷರಗಳಿಗೆ ಪ್ರತ್ಯೇಕ ಲಿಪಿಚಿಹ್ನೆ ಇಲ್ಲದ ಕಾರಣ ನಮ್ಮ ಹೆಸರುಗಳು ಇಂಗ್ಲಿಷಿಗೆ ಹೋಗುವಾಗ ರೂಪ ಬದಲಿಸುತ್ತವೆ. ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಹೆಸರು ಒಂದೇ ರೀತಿಯಲ್ಲಿದೆಯೇ ಎಂದು ಇಂದೇ ನೋಡಿಕೊಳ್ಳಿ.

ಗಡಿ ದಾಟಿದಾಗ

ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್, ಚೆನ್ನೈ ಸುಮಾರು 300 ಕಿಲೋಮೀಟರ್. ಭಾಷೆಯೂ ಬಂಧುಬಳಗವೂ ಇರುವ ಕಡೆಗೆ ರೋಗಿಯ ಕಾಲು ತಾನಾಗಿ ಎಳೆಯುತ್ತದೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಗೆ ನಮ್ಮ ಭಾಗದವರು ಬಹುಕಾಲದಿಂದ ಹೋಗುತ್ತಿದ್ದಾರೆ. ಆದರೆ ಅಲ್ಲಿ ಕನ್ನಡ ಬಲ್ಲವರೆಂಬುದು ವಿಮೆಯ ಅರ್ಹತೆಯಾಗುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಕರ್ನಾಟಕದ ನಿವಾಸಿಗಳಿಗಾಗಿ ಇರುವುದು, ತಮಿಳುನಾಡಿನ ಪಡಿತರ ಚೀಟಿ ಹೊಂದಿದವರಿಗೆ ಅದು ಅನ್ವಯಿಸದು.

ನಮಗಿರುವ ದಾರಿ ಆಯುಷ್ಮಾನ್ ಯೋಜನೆಯ ಅಂತರರಾಜ್ಯ ಬಳಕೆಯ ಸೌಲಭ್ಯ. ಈ ಯೋಜನೆಯ ಫಲಾನುಭವಿ ದೇಶದ ಯಾವ ರಾಜ್ಯದಲ್ಲಾದರೂ ಅದರ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ಆದರೆ ತಮಿಳುನಾಡಿನ ಕಾರ್ಡ್ ಹೊಂದಿದ ಎಲ್ಲರೂ ಕೇಂದ್ರದ ಪಟ್ಟಿಯಲ್ಲಿಲ್ಲ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ಆಧಾರದಲ್ಲಿ ಆಯ್ಕೆಯಾದವರು ಕೇಂದ್ರದ ಪಟ್ಟಿಗೆ ಸೇರುತ್ತಾರೆ, ಆದಾಯ ಪ್ರಮಾಣಪತ್ರದ ಮೇಲೆ ಸೇರಿದವರು ರಾಜ್ಯದ ಪಟ್ಟಿಯವರು. ಅಂತರರಾಜ್ಯ ಸೌಲಭ್ಯವನ್ನು ರೂಪಿಸಿರುವುದು ಕೇಂದ್ರದ ಪಟ್ಟಿಯವರಿಗಾಗಿ. ಆದ್ದರಿಂದ ಬೆಂಗಳೂರಿನ ಬಸ್ಸು ಹತ್ತುವ ಮೊದಲು 14555ಕ್ಕೆ ಕರೆ ಮಾಡಿ, ತಮ್ಮ ಕುಟುಂಬ ಯಾವ ಪಟ್ಟಿಯಲ್ಲಿದೆ, ಹೋಗಲಿರುವ ಆಸ್ಪತ್ರೆ ಕ್ಯಾನ್ಸರ್ ಚಿಕಿತ್ಸೆಗೆ ನೋಂದಾಯಿತವೇ ಎಂದು ಕೇಳಬೇಕು.

ಇನ್ನೊಂದು ಎಚ್ಚರಿಕೆ: ಶಸ್ತ್ರಚಿಕಿತ್ಸೆಯನ್ನು ಬೆಂಗಳೂರಿನಲ್ಲಿ ಕೈಯಿಂದ ಹಣ ಕೊಟ್ಟು ಮಾಡಿಸಿ, ಕೀಮೋಥೆರಪಿಗೆ ತಮಿಳುನಾಡಿನ ಆಸ್ಪತ್ರೆಗೆ ಬರುವವರು ಬಯಾಪ್ಸಿ ವರದಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಬಿಡುಗಡೆ ಸಾರಾಂಶ ಇವುಗಳ ಮೂಲಪ್ರತಿ ತರಬೇಕು. ಇವಿಲ್ಲದೆ ಮುಂಗಡ ಅನುಮತಿ ತಡವಾಗುತ್ತದೆ, ಕ್ಯಾನ್ಸರಿನಲ್ಲಿ ತಡವೇ ದೊಡ್ಡ ನಷ್ಟ.

ರಾಜ್ಯದೊಳಗಿನ ಆಯ್ಕೆಗಳನ್ನೂ ಮರೆಯಬಾರದು. ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿ 12ರಂದು ಉದ್ಘಾಟನೆಯಾದ 11 ಕಾಲೇಜುಗಳಲ್ಲಿ ಒಂದು, ಪರೀಕ್ಷೆಗೂ ಶಿಫಾರಸಿಗೂ ಅದೇ ನಮ್ಮ ಹತ್ತಿರದ ಬಾಗಿಲು. ಧರ್ಮಪುರಿ, ಸೇಲಂಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳು, ಕಾಂಚೀಪುರದ ಅರಿಞರ್ ಅಣ್ಣಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, 1954ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಶ್ರಮದಿಂದ ಆರಂಭವಾದ ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ಇವು ಮುಂದಿನ ಹಂತಗಳು.

ಕಾರ್ಖಾನೆ ಕಾರ್ಮಿಕರು ಮತ್ತು ಶಿಕ್ಷಕರು

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ, ತಿಂಗಳಿಗೆ 21,000 ರೂಪಾಯಿಯವರೆಗೆ ವೇತನ ಪಡೆಯುವ ಕಾರ್ಮಿಕರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈನಿಂದ ಕಾರ್ಮಿಕರ ವಂತಿಗೆ ವೇತನದ ಶೇಕಡಾ 0.75, ಮಾಲೀಕರದು ಶೇಕಡಾ 3.25. ಇಲ್ಲಿ ವೈದ್ಯರು ಬರೆದ ಔಷಧವನ್ನು ಇಎಸ್‌ಐ ಔಷಧಾಲಯವೇ ಕೊಡುತ್ತದೆ. ಚಿಕಿತ್ಸಾ ವೆಚ್ಚಕ್ಕೆ 5 ಲಕ್ಷದಂಥ ವಾರ್ಷಿಕ ಮಿತಿಯಿಲ್ಲ. ಕ್ಯಾನ್ಸರಿನಂಥ ದೀರ್ಘರೋಗಕ್ಕೆ ಅರ್ಹತೆಯ ಷರತ್ತುಗಳಿಗೆ ಒಳಪಟ್ಟು, ವೇತನದ ಶೇಕಡಾ 80ರಷ್ಟು ವಿಸ್ತೃತ ಅನಾರೋಗ್ಯ ಭತ್ಯೆ ಎರಡು ವರ್ಷಗಳವರೆಗೆ ದೊರೆಯಬಹುದು. ಗುತ್ತಿಗೆ ಕಾರ್ಮಿಕರಿಗೂ ಇದು ಅನ್ವಯಿಸುತ್ತದೆ. ವೇತನ ಚೀಟಿಯಲ್ಲಿ ಇಎಸ್‌ಐ ಕಡಿತವಿದ್ದೂ ಸಂಖ್ಯೆ ಕೊಟ್ಟಿಲ್ಲವಾದರೆ ಇಂದೇ ಕೇಳಿ ಪಡೆಯಿರಿ.

ಸರ್ಕಾರಿ ನೌಕರರು ಮತ್ತು ಶಿಕ್ಷಕರಿಗೆ ಪ್ರತ್ಯೇಕ ವಿಮೆಯಿದೆ. 2021ರ ಜುಲೈ 1ರಿಂದ ನಾಲ್ಕು ವರ್ಷಗಳಿಗೆ ಜಾರಿಯಾದ ಹೊಸ ಆರೋಗ್ಯ ವಿಮಾ ಯೋಜನೆಯಲ್ಲಿ ಸಾಮಾನ್ಯ ರಕ್ಷಣೆ 5 ಲಕ್ಷ ರೂಪಾಯಿ, ಕ್ಯಾನ್ಸರ್ ಸೇರಿದಂತೆ ನಿರ್ದಿಷ್ಟ ರೋಗಗಳಿಗೆ 10 ಲಕ್ಷ ರೂಪಾಯಿಯವರೆಗೆ ಎಂದು ನಿಗದಿಯಾಗಿತ್ತು. ಈ ಮೊತ್ತ ನಾಲ್ಕು ವರ್ಷಗಳ ಇಡೀ ಅವಧಿಗೆ ಸೇರಿದ್ದು.

ಬಡತನ ರೇಖೆಯ ಕೆಳಗಿದ್ದೂ ವಿಮೆ ಸಿಗದವರಿಗೆ ಕೇಂದ್ರದ ರಾಷ್ಟ್ರೀಯ ಆರೋಗ್ಯ ನಿಧಿಯಡಿ 2009ರಲ್ಲಿ ಸ್ಥಾಪಿತವಾದ ಕ್ಯಾನ್ಸರ್ ರೋಗಿಗಳ ನಿಧಿಯಿದೆ. ಕಿದ್ವಾಯಿ, ಅಡ್ಯಾರ್‌ಗಳಂಥ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳ ಮೂಲಕ ಇದಕ್ಕೆ ಅರ್ಜಿ ಹೋಗುತ್ತದೆ.

ಮಾತ್ರೆಯ ಬೆಲೆ ಇಳಿದ ಹಿನ್ನೆಲೆ

ವಿಮೆಯ 5 ಲಕ್ಷ ರೂಪಾಯಿ ಎಷ್ಟು ದೂರ ಬರುತ್ತದೆ ಎಂಬುದು ಔಷಧದ ಬೆಲೆಯನ್ನು ಅವಲಂಬಿಸಿದೆ. ಇಮ್ಯಾಟಿನಿಬ್ ಮೇಲಿನ ಪೇಟೆಂಟ್ ಅರ್ಜಿಯನ್ನು ಚೆನ್ನೈನ ಪೇಟೆಂಟ್ ಕಚೇರಿ 2006ರಲ್ಲಿ ತಿರಸ್ಕರಿಸಿತು. ನೋವಾರ್ಟಿಸ್ ಕಂಪನಿಯ ಕಾನೂನು ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಗಿ 2013ರ ಏಪ್ರಿಲ್ 1ರಂದು ಸೋಲಿನಲ್ಲಿ ಮುಗಿಯಿತು. ತಿಂಗಳಿಗೆ ಒಂದು ಲಕ್ಷ ರೂಪಾಯಿಗೂ ಮೀರಿದ್ದ ಮಾತ್ರೆಯ ಜಾಗದಲ್ಲಿ ಕೆಲವೇ ಸಾವಿರ ರೂಪಾಯಿಯ ದೇಶೀಯ ಮಾತ್ರೆ ಉಳಿಯಿತು. 2012ರ ಮಾರ್ಚ್ 9ರಂದು ಸೊರಾಫೆನಿಬ್ ಮಾತ್ರೆಗೆ ದೇಶದ ಮೊದಲ ಕಡ್ಡಾಯ ಪರವಾನಗಿ ನೀಡಿದಾಗ, ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿಯಿದ್ದ ಔಷಧವನ್ನು ನಾಟ್ಕೋ ಕಂಪನಿ 8,800 ರೂಪಾಯಿಗೆ ಮಾರಬೇಕೆಂದು ಆದೇಶವಾಯಿತು. 2019ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು 42 ಕ್ಯಾನ್ಸರ್ ಔಷಧಗಳ ವ್ಯಾಪಾರಿ ಲಾಭವನ್ನು ಶೇಕಡಾ 30ಕ್ಕೆ ಸೀಮಿತಗೊಳಿಸಿತು. ಹೀಗಾಗಿ ಕೊಳ್ಳಲೇಬೇಕಾದಾಗ ಜನೌಷಧಿ ಮತ್ತು ಅಮೃತ್ ಮಳಿಗೆಗಳಲ್ಲಿ ಮೂಲನಾಮದ ಔಷಧ ಕೇಳಿದರೆ ಖರ್ಚು ಬಹಳ ಇಳಿಯಬಹುದು.

ಮಾತ್ರೆ ಮನೆಗೆ ಬಂದ ಮೇಲೆ

ಆಸ್ಪತ್ರೆಯವರು ಮಾತ್ರೆಯನ್ನು ಕೈಗೆ ಕೊಟ್ಟಾಗ ದಾದಿಯರ ಹೊಣೆಯೂ ಮನೆಯವರ ಹೆಗಲಿಗೆ ಬರುತ್ತದೆ. ಕ್ಯಾನ್ಸರ್ ಮಾತ್ರೆಯನ್ನು ಪುಡಿ ಮಾಡಬಾರದು, ತುಂಡರಿಸಬಾರದು, ಮಕ್ಕಳ ಕೈಗೆ ಸಿಗುವಂತೆ ಇಡಬಾರದು. ಗರ್ಭಿಣಿಯರು ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ಕೆಪೆಸಿಟಬಿನ್ ಮಾತ್ರೆಯನ್ನು ಊಟವಾದ ಅರ್ಧ ಗಂಟೆಯೊಳಗೆ ತೆಗೆದುಕೊಳ್ಳಬೇಕು. ಒಂದು ಹೊತ್ತಿನ ಮಾತ್ರೆ ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು, ಆಸ್ಪತ್ರೆಗೆ ಕರೆ ಮಾಡಿ ಕೇಳಬೇಕು. ಕೀಮೋಥೆರಪಿಯ ಅವಧಿಯಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆ ಬದಲಾಗಿ ಉಳಿದ ಮಾತ್ರೆಗಳನ್ನು ಕಸಕ್ಕೆ ಎಸೆಯದೆ ಆಸ್ಪತ್ರೆಗೆ ಹಿಂದಿರುಗಿಸಬೇಕು.

2021ರ ಆಗಸ್ಟ್ 5ರಂದು ನಮ್ಮ ಜಿಲ್ಲೆಯ ಸಾಮನಪಳ್ಳಿಯಲ್ಲೇ ಉದ್ಘಾಟನೆಯಾದ ‘ಮಕ್ಕಳೈತ್ ತೇಡಿ ಮರುತ್ತುವಂ’ ಯೋಜನೆಯ ಕಾರ್ಯಕರ್ತೆಯರು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಮನೆಬಾಗಿಲಿಗೆ ತರುತ್ತಾರೆ. ಉಪಶಮನ ಆರೈಕೆಯೂ ಅದರ ಭಾಗ. ಗುಣಪಡಿಸುವ ಕ್ಯಾನ್ಸರ್ ಮಾತ್ರೆಗೆ ಆಸ್ಪತ್ರೆಗೇ ಹೋಗಬೇಕು, ಆದರೆ ಹಾಸಿಗೆ ಹಿಡಿದವರ ನೋವು, ಗಾಯಗಳ ಆರೈಕೆಗೆ ಇವರ ನೆರವು ಕೇಳಬಹುದು.

ದೂರು ಕನ್ನಡದಲ್ಲೂ ಆಗುತ್ತದೆ

‘ತಮಿಳಿನಲ್ಲಿ ಬರೆಯಲು ಬಾರದು, ಆದ್ದರಿಂದ ಸುಮ್ಮನಾದೆವು’ ಎಂಬುದು ನಮ್ಮ ಹಿರಿಯರ ಬಾಯಲ್ಲಿ ಆಗಾಗ ಕೇಳುವ ಮಾತು. ಸುಮ್ಮನಾಗಬೇಕಿಲ್ಲ. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ, ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಪ್ರತಿಯೊಬ್ಬ ವ್ಯಕ್ತಿಯೂ ತನ್ನ ಕುಂದುಕೊರತೆಯ ಮನವಿಯನ್ನು ಅಧಿಕಾರಿಗೆ ಸಲ್ಲಿಸಬಹುದು. ನಮ್ಮ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವನ್ನು ಒದಗಿಸಬೇಕೆನ್ನುವ 350ಎ, ಭಾಷಾ ಅಲ್ಪಸಂಖ್ಯಾತರಿಗೆ ವಿಶೇಷಾಧಿಕಾರಿಯನ್ನು ನೇಮಿಸುವ 350ಬಿ ಅನುಚ್ಛೇದಗಳು 1956ರ ಏಳನೆಯ ತಿದ್ದುಪಡಿಯಿಂದ ಇದರ ಜೊತೆಗೇ ಸೇರಿದವು.

ಸೋಮವಾರದಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ನಡೆಯುವ ಜನರ ಕುಂದುಕೊರತೆ ದಿನದಲ್ಲಿ ಕನ್ನಡದ ಮನವಿ ಕೊಡಬಹುದು. ಕೆಲಸ ಬೇಗ ಸಾಗಲು ಅದರೊಂದಿಗೆ ನಾಲ್ಕು ಸಾಲಿನ ತಮಿಳು ಸಾರಾಂಶ ಇರಲಿ. ಕಾರ್ಡಿನ ಸಂಖ್ಯೆ, ಆಸ್ಪತ್ರೆಯ ಹೆಸರು, ದಿನಾಂಕ, ಔಷಧದ ಹೆಸರು, ಕೊಟ್ಟ ಹಣ ಈ ಐದು ವಿವರಗಳನ್ನು ಬಿಡಬಾರದು. ಮನವಿಗೆ ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು.

ಕಚೇರಿಯಲ್ಲೂ ಆಸ್ಪತ್ರೆಯಲ್ಲೂ ಕಿವಿಗೆ ಬೀಳುವ ಕೆಲವು ತಮಿಳು ಪದಗಳನ್ನು ತಿಳಿದಿರುವುದು ಅನುಕೂಲ. ಪುಟ್ರುನೋಯ್ ಎಂದರೆ ಕ್ಯಾನ್ಸರ್. ಕಾಪ್ಪೀಟ್ಟು ಅಟ್ಟೈ ಎಂದರೆ ವಿಮಾ ಕಾರ್ಡ್. ಮಾತ್ತಿರೈ ಎಂದರೆ ಮಾತ್ರೆ, ಮರುಂದು ಎಂದರೆ ಔಷಧ. ಉಳ್‌ನೋಯಾಳಿ ಒಳರೋಗಿ, ಪುರನೋಯಾಳಿ ಹೊರರೋಗಿ. ಇಲವಸಂ ಎಂದರೆ ಉಚಿತ. ‘ಇಂದ ಮರುಂದು ಕಾಪ್ಪೀಟ್ಟಿಲ್ ವರುಮಾ?’ ಎಂದರೆ ‘ಈ ಔಷಧ ವಿಮೆಯಲ್ಲಿ ಬರುತ್ತದೆಯೇ?’ ಎಂದು ಅರ್ಥ. ಚೀಟಿ ಕೈಗೆ ಬಂದಾಗ, ಹಣದ ಚೀಲಕ್ಕೆ ಕೈ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಮನೆಯಲ್ಲಿ ತಮಿಳು ಓದಬಲ್ಲ ಮಕ್ಕಳಿದ್ದರೆ ಈ ಲೇಖನವನ್ನು ಅವರೊಂದಿಗೆ ಕುಳಿತು ಓದಿ, ಪಡಿತರ ಚೀಟಿ, ಆಧಾರ್, ವಿಮಾ ಕಾರ್ಡ್ ಮೂರನ್ನೂ ಒಂದೇ ಚೀಲದಲ್ಲಿ ಇರಿಸಿ, ಚೀಲ ಎಲ್ಲಿದೆ ಎಂದು ಮನೆಯ ಎಲ್ಲರಿಗೂ ತಿಳಿಸಿ.